ನನ್ನ ತಲೆಯ ಮೇಲಿನ ಆಣೆ

ಮೊನ್ನೆ ನೆರೆಮನೆಯ ಮಾದೇವಿ ಅಕ್ಕ ಮೊಮ್ಮಗುವಿನ ಹೊಟ್ಟೆನೋವಿಗೆ ಕಷಾಯ ಮಾಡುತ್ತೇನೆಂದು ಒಂದು ಹಿಡಿ ಪೇರಲೆ ಚಿಗುರು ಕಿತ್ತುಕೊಂಡು ಬಂದಳು. ಬಂದವಳು ಸುಮ್ಮನೆ ಹೋಗಬಾರದೇ? ನನ್ನ ಹೊಲಿಗೆ ಮಷಿನ್ನಿನ ಪಕ್ಕದ ಕಟ್ಟೆಯ ಮೇಲೆ ಕುಳಿತು, ಮಾತಾಡುತ್ತ ಮಾತಾಡುತ್ತ ಅದನ್ನು ಅಂಗೈಯಲ್ಲಿ ಹಾಕಿ ತಿಕ್ಕತೊಡಗಿದಳು. ಆ ಒಗರು ವಾಸನೆ ಮೂಗಿಗೆ ಬಡಿದದ್ದೇ ತಡ, "ಆಚೆ ತಕಂಡ್ ಹೋಗೇ ಅದ್ನ!" ಎಂದು ಕೂಗಿಬಿಟ್ಟೆ. ಬ್ಲೌಸಿನ ಅಳತೆ ಕೊಡಲು ಬಂದಿದ್ದ ಹೆಂಗಸು ಬೆಚ್ಚಿ ನನ್ನನ್ನೇ ನೋಡಿದಳು. ಮಾದೇವಿ ಅಕ್ಕ ಮಾತ್ರ ಬೇಸರಪಡಲಿಲ್ಲ. "ಇನ್ನೂ ಅದೆಯನೇ ನಿಂಗೆ ಅದು?" ಎಂದಷ್ಟೇ ಕೇಳಿ ಎಲೆಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೊರಟಳು.

ಇದೆ. ನಾಲ್ಕು ಮಳೆಗಾಲ ಕಳೆದರೂ ಇದೆ. ನಮ್ಮ ಕಡೆ ಕುಡಿದವರು ಮನೆಗೆ ಬರುವ ಮೊದಲು ಪೇರಲೆ ಎಲೆ ಜಗಿಯುತ್ತಾರೆ. ವಾಸನೆ ಮುಚ್ಚುತ್ತದಂತೆ! ನನ್ನ ತವರಿನ ಅಂಗಳದ ಪೇರಲೆ ಗಿಡಕ್ಕೆ ಗಂಡಸಿನ ಕೈಗೆಟಕುವ ಎತ್ತರದವರೆಗೆ ಎಲೆಯೇ ಇರುತ್ತಿರಲಿಲ್ಲ. ಎಲ್ಲ ನನ್ನ ಅಪ್ಪನ ಬಾಯಿಗೆ ಹೋಗುತ್ತಿತ್ತು. ಸಾರಾಯಿಯ ವಾಸನೆ, ಪೇರಲೆಯ ವಾಸನೆ ಎರಡೂ ಸೇರಿ ಬೇರೆಯೇ ಒಂದು ವಾಸನೆಯಾಗುತ್ತಿತ್ತು. ಅದು ಅಪ್ಪ ಗೇಟು ದಾಟುವಾಗಲೇ ನಮಗೆ ಗೊತ್ತಾಗುತ್ತಿತ್ತು. ಅವನೊಬ್ಬನಿಗೆ ಗೊತ್ತಾಗುತ್ತಿರಲಿಲ್ಲ. ಆ ವಾಸನೆ ಬಂದ ದಿನ ನಾವು ಮಕ್ಕಳು ಊಟ ಬಿಟ್ಟು ಕೊಟ್ಟಿಗೆಯ ಹಿಂದೆ ಹೋಗಿ ಕೂರುತ್ತಿದ್ದೆವು.

ಹಾಗಾಗಿ ಮದುವೆಯ ಮಾತು ಬಂದಾಗ ನಾನು ಕೇಳಿದ್ದು ಒಂದೇ: ಮನೆಯೊಳಗೆ ಕುಡಿಯಬಾರದು. "ಆತು, ಮನೆಯೊಳಗೆ ಕುಡಿಯೂದಿಲ್ಲ" ಎಂದರು ಇವರು. ಮಾತಿಗೆ ತಪ್ಪಿದವರಲ್ಲ. ಮನೆಯ ಹೊರಗೆ ಬಲೆ ಇಡಲು ಒಂದು ಶೆಡ್ಡು ಕಟ್ಟಿಸಿಕೊಂಡು ಅಲ್ಲಿ ಕುಡಿದರು. ಇಪ್ಪತ್ತೆರಡು ವರ್ಷದಿಂದ ನಾನು ಆ 'ಒಳಗೆ' ಎಂಬ ಒಂದು ಶಬ್ದಕ್ಕೆ ನನ್ನನ್ನೇ ಬೈದುಕೊಳ್ಳುತ್ತಿದ್ದೇನೆ.

ನಮ್ಮೂರು ಕುಮಟೆಯ ಹತ್ತಿರದ ಬಾಡ. ನನ್ನ ಗಂಡ ಗಣಪತಿ ತದಡಿಯ ಬೋಟೊಂದರ ತಾಂಡೇಲ, ಎಂದರೆ ಬೋಟು ನಡೆಸುವವರು. ಹತ್ತು ದಿನ ಸಮುದ್ರ, ಎರಡು ದಿನ ಮನೆ. ನಮ್ಮ ಒಬ್ಬನೇ ಮಗ ಸಂದೇಶನಿಗೆ ಹಲ್ಲು ಬಂದದ್ದು, ದಡಾರ ಎದ್ದದ್ದು, ಶಾಲೆಯಲ್ಲಿ ಹೊಡೆದಾಡಿ ತುಟಿ ಒಡೆದುಕೊಂಡದ್ದು ಎಲ್ಲವೂ ಇವರಿಗೆ ಫೋನಿನಲ್ಲಿ ಬಂದ ಸುದ್ದಿಗಳು. ಜೂನ್ ಬಂತೆಂದರೆ ಬೋಟು ಬಂದ್. ಎರಡು ತಿಂಗಳು ಯಾರೂ ಕಡಲಿಗೆ ಇಳಿಯುವಂತಿಲ್ಲ. ಆಗ ಇವರು ಮನೆಗೆ ಬರುತ್ತಾರೆ. ಬಂದವರಿಗೆ ಹತ್ತು ತಿಂಗಳ ಪ್ರೀತಿಯನ್ನು ಎರಡು ತಿಂಗಳಲ್ಲಿ ಸುರಿದು ಮುಗಿಸುವ ಅವಸರ. ನಾನು ವರ್ಷವಿಡೀ ಬೇಡ ಎಂದದ್ದೆಲ್ಲ ಆಗ ಆಗುತ್ತಿತ್ತು. ಬೈಕು ಬೇಡ ಎಂದಿದ್ದೆ, ಬೈಕಿನ ಕೀಲಿ ಮಗನ ಕಿಸೆಯಲ್ಲಿ. ಓದುವಾಗ ಮೊಬೈಲು ಬೇಡ ಎಂದಿದ್ದೆ, ಅಪ್ಪ ಮಗ ಒಂದೇ ಕಂಬಳಿ ಹೊದ್ದು ಮೊಬೈಲು ನೋಡುವುದು. ನಾನು ಕೂಗಿದರೆ, "ಬೋಟು ಬಿಟ್ಟ ಮೇಲೆ ನಿಂದೇ ರಾಜ್ಯ ಅಲ್ವೇ? ಎರಡು ತಿಂಗಳು ತಡ್ಕ ಮಾರಾಯ್ತಿ" ಎಂದು ನಗುತ್ತಿದ್ದರು. ಮಗನೂ ನಗುತ್ತಿದ್ದ. ನಾನೊಬ್ಬಳೇ ಆ ಮನೆಯ ಪೊಲೀಸು.

ಆ ವರ್ಷ ಸಂದೇಶ ಸೆಕೆಂಡ್ ಪಿಯುಸಿ. ಜೂನ್ ಮೊದಲ ವಾರದಲ್ಲೇ ಮಳೆ ಹಿಡಿದು ಕುಳಿತಿತ್ತು. ಶಾಲೆ ಶುರುವಾಗಿ ನನಗೆ ಯೂನಿಫಾರ್ಮು ಹೊಲಿಯುವ ಗಡಿಬಿಡಿ. ತೇವಕ್ಕೆ ಬಟ್ಟೆ ಕತ್ತರಿಗೆ ಸಿಗದೆ ಜಗ್ಗುತ್ತಿತ್ತು, ಸೂಜಿಗೆ ದಿನಾ ತುಕ್ಕು, ಕರೆಂಟು ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಕಾಲಲ್ಲೇ ಮಷಿನ್ನು ತುಳಿಯುತ್ತ ಬೆಳಗಿನಿಂದ ಸಂಜೆವರೆಗೆ ನೀಲಿ ಚಡ್ಡಿ, ನೀಲಿ ಲಂಗ. ಒಂದು ದಿನ ನಾಲ್ಕು ಗಂಟೆಯ ಹೊತ್ತಿಗೆ ಸಂದೇಶ ಒಳಗೆ ಬಂದು, "ಅಮ್ಮ, ಚಾ ಮಾಡ್ತ್ಯಾ?" ಎನ್ನುತ್ತ ಮಷಿನ್ನಿನ ಹಿಂದಿದ್ದ ಚಾರ್ಜರಿಗೆ ಬಗ್ಗಿದ. ನನ್ನ ಕಾಲು ತುಳಿಯುವುದನ್ನು ನಿಲ್ಲಿಸಿತು. ಪೇರಲೆ.

"ಬಾಯಿ ತೆಗಿ" ಎಂದೆ.

"ಎಂತಕೆ?"

"ತೆಗಿ ಅಂದೆ. ಹಾ ಅನ್ನು."

ಅವನು ಹಾ ಅನ್ನಲಿಲ್ಲ. ಅನ್ನಬೇಕಾಗಿಯೂ ಇರಲಿಲ್ಲ. ನಾನು ಮಳೆಯಲ್ಲೇ ಶೆಡ್ಡಿಗೆ ಓಡಿದೆ. ಇವರು ಬಲೆಯ ತೂತು ನೇಯುತ್ತ ಕುಳಿತಿದ್ದರು. ಪಕ್ಕದಲ್ಲಿ ಎರಡು ಸ್ಟೀಲಿನ ಲೋಟ. ಎರಡು! ಒಂದಿದ್ದರೆ ನಾನು ತಿರುಗಿಯೂ ನೋಡುತ್ತಿರಲಿಲ್ಲ.

"ಹೌದು, ನಾನೇ ಕೊಟ್ಟೆ" ಎಂದರು, ಕೈಯ ಕೆಲಸ ನಿಲ್ಲಿಸದೆ. "ಎರಡು ಬೆರಳಷ್ಟು. ಎಂತಾತು ಈಗ? ಹದಿನೇಳು ವರ್ಷ ಅವ್ನಿಗೆ. ಎಲ್ಲೆಲ್ಲೋ ಹೋಗಿ ಕಲಿಯೂದಕ್ಕಿಂತ ನನ್ನ ಎದ್ರಿಗೆ ಕಲೀಲಿ. ಎದ್ರಿಗೆ ಕುಡ್ದವ್ನಿಗೆ ಹದ ಗೊತ್ತಾತದೆ. ಕದ್ದು ಕುಡಿಯೂದು ತಪ್ಪತದೆ."

"ಹಾಗಾರೆ ಪೇರಲೆ ಎಲೆ ಎಂತಕೆ ತಿನ್ಸಿದ್ರಿ?"

ಇವರು ಬಲೆಯ ಸೂಜಿ ಕೆಳಗಿಟ್ಟರು. "ಅದು ನಿಂಗೆ ಹೆದ್ರಿ" ಎಂದರು.

ನೋಡಿ, ಹೀಗಿತ್ತು ನಮ್ಮ ಮನೆಯ ಪಾಠ. ಕುಡಿಯುವುದನ್ನು ಅಪ್ಪ ಕಲಿಸಿದರು, ಬಚ್ಚಿಡುವುದನ್ನೂ ಅಪ್ಪನೇ ಕಲಿಸಿದರು, ಆದರೆ ಬಚ್ಚಿಡಬೇಕಾಗಿ ಬಂದದ್ದು ನನ್ನಿಂದ. ಆಗ ಇದೆಲ್ಲ ಯೋಚಿಸುವ ತಾಳ್ಮೆ ಯಾರಿಗಿತ್ತು? ನನಗೆ ಕಣ್ಣ ಮುಂದೆ ಕಂಡದ್ದು ನನ್ನ ಅಪ್ಪ. ಅವನ ಮುಖಕ್ಕೆ ನನ್ನ ಮಗನ ಮುಖ ಅಂಟಿಕೊಂಡ ಹಾಗಾಯಿತು. ಒಳಗೆ ಬಂದು ಮಗನ ರಟ್ಟೆ ಹಿಡಿದು ದೇವರ ಮುಂದೆ ಎಳೆದುಕೊಂಡು ಹೋದೆ. ದೀಪ ಹಚ್ಚಿದೆ. ಅವನ ಬಲಗೈಯನ್ನು ಎತ್ತಿ ನನ್ನ ತಲೆಯ ಮೇಲೆ ಇಟ್ಟುಕೊಂಡೆ.

"ಆಣೆ ಮಾಡು. ಇನ್ನೊಂದ್ಸಲ ಮುಟ್ಟಿದ್ರೆ ನನ್ನ ಅಮ್ಮ ಸತ್ತಾಂಗೆ ಅಂತ ಹೇಳು."

"ಅಮ್ಮ, ಬೇಡ್ವೇ..."

"ಹೇಳು!"

ಹೇಳಿದ. ಮಳೆಯಲ್ಲಿ ನೆನೆದು ಬಂದಿದ್ದ ಅವನ ಕೈ ನನ್ನ ತಲೆಯ ಮೇಲೆ ತಣ್ಣಗಿತ್ತು. ಬಾಗಿಲಲ್ಲಿ ನಿಂತಿದ್ದ ಇವರು, "ಎಂತ ಕೋರ್ಟು ನಡೆಸ್ತೆ ಮಾರಾಯ್ತಿ" ಎಂದು ಗೊಣಗಿ ಹೊರಟುಹೋದರು. ನನಗೋ ಯುದ್ಧ ಗೆದ್ದ ಸಮಾಧಾನ. ಬೈದದ್ದಲ್ಲ, ಹೊಡೆದದ್ದಲ್ಲ, ಒಂದೇ ಮಾತಿನಲ್ಲಿ ಕಟ್ಟಿಹಾಕಿದೆ ಅಂದುಕೊಂಡೆ. ನಮ್ಮ ಕಡೆ ತಾಯಂದಿರು ಮಾಡುವುದೇ ಇದು. ನನ್ನ ಅಮ್ಮ ಅಪ್ಪನಿಗೆ ಎಷ್ಟು ಸಲ ಮಾಡಿಸಿದ್ದಳೋ ಲೆಕ್ಕವಿಲ್ಲ. ಅಪ್ಪ ಒಂದನ್ನೂ ನಡೆಸಲಿಲ್ಲ, ಅಮ್ಮ ಎಂಬತ್ತು ದಾಟಿಯೂ ಗಟ್ಟಿ ಇದ್ದಳು. ಅಷ್ಟೂ ಗೊತ್ತಿದ್ದು ಮಾಡಿಸಿದೆನಲ್ಲ, ಅದನ್ನು ಏನೆನ್ನಬೇಕು!

ಬಟ್ಟೆ ಹೊಲಿಸಲು ಬಂದವರೆದುರು ಹೆಮ್ಮೆಯಿಂದ ಹೇಳಿಕೊಂಡೂ ಆಯಿತು. ಒಬ್ಬಳು ಹೌದೌದು ಎಂದಳು. ಇನ್ನೊಬ್ಬಳು, ಗಂಡು ಮಕ್ಕಳನ್ನು ಅಷ್ಟು ಬಿಗಿ ಮಾಡಬಾರದು ಎಂದು ಬುದ್ಧಿ ಹೇಳಿ, ಅದೇ ಉಸಿರಿನಲ್ಲಿ ತನ್ನ ಬ್ಲೌಸು ಸ್ವಲ್ಪ ಬಿಗಿ ಮಾಡಿಕೊಡಲು ಹೇಳಿದಳು. ಮೀನು ಮಾರಿ ಮೂರು ಮಕ್ಕಳನ್ನು ದೊಡ್ಡ ಮಾಡಿದ ಮಾದೇವಿ ಅಕ್ಕ ಮಾತ್ರ ಬುಟ್ಟಿ ಇಳಿಸಿ ನನ್ನ ಮುಖ ನೋಡಿದಳು. "ಕುಡ್ದದ್ದು ತಪ್ಪು, ನಾಕು ಬಯ್ಯಿ. ಊಟಕ್ಕೆ ಹಾಕಿ ಬಯ್ಯಿ. ನಿನ್ನ ತಲೆ ಎಂತಕೆ ಅಡ ಇಟ್ಟೆ?" ಎಂದಳು. ನನಗೆ ರೇಗಿತು. ಇವಳ ಮಗನೂ ಒಂದೆರಡು ಸಲ ಕುಡಿದು ಬಂದವನೇ. ಆಗ ಇವಳು ಮಾಡಿದ್ದೇನು? ಮಲಗಿಸಿ, ಬೆಳಿಗ್ಗೆ ಗಂಜಿ ಬಡಿಸಿ, ಎದುರು ಕುಳಿತು ಒಂದೊಂದೇ ಕೇಳಿದಳಂತೆ: ಯಾರ ಸಂಗಡ, ಎಲ್ಲಿ, ಎಷ್ಟು. ಆಮೇಲೆ ಒಂದು ತಿಂಗಳು ಬೈಕು ಕೊಡಲಿಲ್ಲವಂತೆ. ಇದೂ ಒಂದು ಶಿಕ್ಷೆಯೇ ಎಂದು ನಾನು ಮೂಗು ಮುರಿದಿದ್ದೆ.

ಮಗ ಸರಿಹೋದ. ಹಾಗೆಂದುಕೊಂಡೆ. ಕರೆದರೆ ಬರುತ್ತಿದ್ದ, ಹೇಳಿದ್ದು ಮಾಡುತ್ತಿದ್ದ, ಅಪ್ಪನ ಶೆಡ್ಡಿನ ಕಡೆ ಸುಳಿಯುತ್ತಿರಲಿಲ್ಲ. ಮಾತು ಕಡಿಮೆಯಾಯಿತು. ಅದನ್ನೂ ನಾನು ಒಳ್ಳೆಯ ಲಕ್ಷಣವೆಂದೇ ಎಣಿಸಿದೆ. ಜುಲೈ ಮೊದಲ ಭಾನುವಾರ ನೋಟ್ಸ್ ತರುತ್ತೇನೆಂದು ಹೋದವನು ಸಂಜೆ ಬಂದ. ನಾನು ಹತ್ತಿರ ಕರೆದು ಮೂಸಿದೆ. ಬರೀ ಟೂತ್‌ಪೇಸ್ಟಿನ ವಾಸನೆ. ಗೆದ್ದೆ ಎಂದುಕೊಂಡೆ. ಆಮೇಲೆ ಗೊತ್ತಾದದ್ದು: ಗೆಳೆಯನ ಹುಟ್ಟಿದ ಹಬ್ಬವೆಂದು ನಾಲ್ವರು ಅಘನಾಶಿನಿ ಹೊಳೆಯನ್ನು ತಾರಿಯ ದೋಣಿಯಲ್ಲಿ ದಾಟಿ ಓಂ ಬೀಚಿನ ಕಡೆ ಹೋಗಿದ್ದರು. ಮಳೆಗಾಲದಲ್ಲಿ ಅಲ್ಲಿ ಅಂಗಡಿಗಳೆಲ್ಲ ಬಾಗಿಲು ಹಾಕಿರುತ್ತವೆ. ಮುಚ್ಚಿದ ಅಂಗಡಿಯ ಜಗಲಿಯಲ್ಲಿ ಕುಳಿತು ಕುಡಿದಿದ್ದರು. ಅಪ್ಪ ಹೇಳಿದ ಹದವೂ ಇಲ್ಲ, ಅಮ್ಮನ ಆಣೆಯೂ ಇಲ್ಲ. ಆಣೆ ಎಂದದ್ದಕ್ಕೆ ಗೆಳೆಯರು ನಕ್ಕರೆಂದು ಒಂದು ಲೋಟ, ಆಣೆ ಮುರಿದೆನೆಂದು ಅಳು ಬಂದು ಇನ್ನೊಂದು.

ಅದಾಗಿ ಆರನೆಯ ದಿನ ನನಗೆ ಜ್ವರ ಬಂತು.

ಮೊದಲು ಚಳಿ, ಆಮೇಲೆ ಮೀನಖಂಡ ಹಿಡಿದು ಹಿಂಡಿದಂಥ ನೋವು. ಮಷಿನ್ನಿನ ಪೆಡಲಿನ ಮೇಲೆ ಕಾಲಿಡಲಾಗಲಿಲ್ಲ. ಕಣ್ಣು ಕೆಂಡದ ಹಾಗೆ ಕೆಂಪಾಯಿತು. ಕುಮಟೆಯ ಡಾಕ್ಟರು ನೋಡಿ ಇಲಿಜ್ವರ ಎಂದು ಹೊನ್ನಾವರದ ಆಸ್ಪತ್ರೆಗೆ ಬರೆದುಕೊಟ್ಟರು. ಕಾರಣ ಸ್ಪಷ್ಟವಿತ್ತು. ಯೂನಿಫಾರ್ಮಿನ ಬಟ್ಟೆ ತರಲು ಗದ್ದೆಯಂಚಿನ ನೀರಿನಲ್ಲಿ ದಿನಾ ಓಡಾಡಿದ್ದೆ, ಹಿಮ್ಮಡಿ ಒಡೆದಿತ್ತು. ನೀರಿನಲ್ಲಿ ಇಲಿಯ ಉಚ್ಚೆ ಸೇರಿ ಒಡೆದ ಕಾಲಿನಿಂದ ಒಳಗೆ ಹೋಗಿದೆ ಎಂದು ಡಾಕ್ಟರು ಬಿಡಿಸಿ ಹೇಳಿದರು. ಇಲಿಯ ಉಚ್ಚೆ! ಇಷ್ಟು ಸಾದಾ ವಿಷಯ.

ಎರಡು ದಿನ ನನಗೆ ಸರಿಯಾಗಿ ಪ್ರಜ್ಞೆಯಿರಲಿಲ್ಲ. ಕಣ್ಣು ಬಿಟ್ಟಾಗ ಇವರು ಪಕ್ಕದಲ್ಲಿದ್ದರು, ಗಡ್ಡ ಬಿಟ್ಟುಕೊಂಡು. ನಾದಿನಿ ಬಂದಳು, ಊರವರು ಬಂದರು, ಬಟ್ಟೆ ಹೊಲಿಯಲು ಕೊಟ್ಟವರು ಬಂದು ಯೂನಿಫಾರ್ಮು ಎಲ್ಲಿಗೆ ಬಂತೆಂದೂ ಕೇಳಿಹೋದರು. ಮಗ ಬರಲಿಲ್ಲ. ಮೂರನೆಯ ದಿನ ಕೇಳಿದೆ. "ಬರೂದಿಲ್ಲ ಅಂತಾನೆ" ಎಂದರು ಇವರು, ನೆಲ ನೋಡುತ್ತ. ನಾಲ್ಕನೆಯ ದಿನವೂ ಬರಲಿಲ್ಲ. ನನಗೆ ಜ್ವರಕ್ಕಿಂತ ಸಿಟ್ಟಿನ ಕಾವೇ ಹೆಚ್ಚಾಯಿತು. ಹೆತ್ತು ಹೊತ್ತು ಸಾಕಿದ್ದಕ್ಕೆ ಇದಾ? ಪಕ್ಕದ ಹಾಸಿಗೆಯಲ್ಲಿ ಭಟ್ಕಳದ ಅಜ್ಜಿಯೊಬ್ಬರಿದ್ದರು. ನನ್ನ ಬೈಗುಳ ಕೇಳಿ ಕೇಳಿ ಸಾಕಾಗಿ, "ಮಕ್ಕಳಿಗೆ ಬದ್ದುವಾ ಕೊಡ್ಬೇಡ ಅಮ್ಮಾ, ತಾಯಿ ಬಾಯಿಂದ ಶಾಪ ಬರ್ಬಾರ್ದು" ಎಂದರು. ನಾನು ಅವರಿಗೂ ಬೆನ್ನು ತಿರುಗಿಸಿ ಮಲಗಿದೆ.

ಐದನೆಯ ದಿನ ಮಧ್ಯಾಹ್ನ ಮಾದೇವಿ ಅಕ್ಕ ಬಂದಳು. ಎರಡು ಬಸ್ಸು ಬದಲಿಸಿ, ಮೊಣಕಾಲವರೆಗೆ ಕೆಸರು ಹಾರಿಸಿಕೊಂಡು. ಹಣ್ಣಿಲ್ಲ, ಬಿಸ್ಕೀಟಿಲ್ಲ. ಹಾಸಿಗೆಯ ಹತ್ತಿರ ಬಂದು ನಿಂತು ಕೇಳಿದಳು:

"ಹೇಳ್ ನೋಡ್ವ, ಎಂತ ಆಣೆ ಹಾಕ್ಸಿದ್ದೆ ನೀನು? ಸರಿಯಾಗಿ ಹೇಳು."

ಹೇಳಿದೆ.

"ನಿನ್ನ ಮಗ ನೀನು ಸಾಯೂದಕ್ಕೆ ಕಾಯ್ತಾ ಕುಂತಾನೆ ಅಲ್ಲಿ" ಎಂದಳು.

ಅವಳು ದಿನಾ ಅವನಿಗೆ ಅನ್ನ, ಮೀನಿನ ಸಾರು ಕೊಟ್ಟು ಬರುತ್ತಿದ್ದಳು. ಪಾತ್ರೆ ಹಾಗೇ ವಾಪಸು ಬರುತ್ತಿತ್ತಂತೆ. ಆ ದಿನ ಬೆಳಿಗ್ಗೆ ಹೋದರೆ ಬಾಗಿಲು ತೆರೆದೇ ಇದೆ, ಹುಡುಗ ಶೆಡ್ಡಿನಲ್ಲಿ ಬಲೆಯ ರಾಶಿಯ ಮೇಲೆ ಬಿದ್ದುಕೊಂಡಿದ್ದಾನೆ. ಅಪ್ಪನ ಬಾಟಲಿಗಳೆಲ್ಲ ಖಾಲಿ. ವಾಂತಿಯಲ್ಲೇ ಕೆನ್ನೆ ಇಟ್ಟು ಮಲಗಿದ್ದನಂತೆ. ಎಬ್ಬಿಸಿ ಮುಖ ತೊಳೆಸಿದರೆ ಒಂದೇ ಮಾತು: "ನಾನೇ ಕೊಂದೆ ಅಕ್ಕ. ಓಂ ಬೀಚಲ್ಲಿ ಕುಡ್ದೆ, ಅಮ್ಮಂಗೆ ಜ್ವರ ಬಂತು." ಹಾಗಿದ್ದರೆ ಮತ್ತೆ ಯಾಕೆ ಕುಡಿದೆ ಎಂದರೆ, ಹೆದರಿಕೆಗೆ ಅಂದನಂತೆ. ಒಬ್ಬನೇ ಮನೆಯಲ್ಲಿ ಕುಳಿತು, ಫೋನು ರಿಂಗಾದಾಗಲೆಲ್ಲ ನಾನು ಸತ್ತ ಸುದ್ದಿಯೆಂದು ಹೆದರಿ ಕುಡಿಯುತ್ತಿದ್ದ. ಕುಡಿದು ಇನ್ನಷ್ಟು ಹೆದರುತ್ತಿದ್ದ. ಮಾದೇವಿ ಅಕ್ಕ ಒಂದಿನ ತಡ ಮಾಡಿದ್ದರೆ ನನಗಿಂತ ಮೊದಲು ಅವನೇ ಹೋಗುತ್ತಿದ್ದನೋ ಏನೋ.

ಇವರು ತಲೆಯ ಮೇಲೆ ಕೈ ಹೊತ್ತು ಹಾಸಿಗೆಯ ಕಾಲಬುಡದಲ್ಲಿ ಕುಳಿತುಬಿಟ್ಟರು. "ನನ್ನ ಬಾಟ್ಲಿ" ಎಂದರು. ಅಷ್ಟೇ ಎಂದರು. ನಾನು ಮೊದಲ ಬಾರಿಗೆ ಅವರನ್ನು ಬೈಯಲಿಲ್ಲ. ಬೈಯಲು ಬಾಯಿ ಎಲ್ಲಿತ್ತು ನನಗೆ?

ಮರುದಿನ ಹನ್ನೊಂದು ಗಂಟೆಗೆ ಇವರೂ ಮಾದೇವಿ ಅಕ್ಕನೂ ಅವನನ್ನು ಕರೆದುಕೊಂಡು ಬಂದರು. ವಾರ್ಡಿನ ಬಾಗಿಲಲ್ಲೇ ನಿಂತ, ಒಳಗೆ ಬರಲೊಲ್ಲ. ಕಣ್ಣು ಒಳಗೆ ಹೋಗಿದ್ದವು. ರಾತ್ರಿಯಿಡೀ ನಾನು ಏನೇನೋ ಸಿದ್ಧಮಾಡಿಕೊಂಡಿದ್ದೆ. ಬಾ ಮಗ ಎನ್ನಬೇಕು, ಇಲಿಯ ಕತೆ ಹೇಳಬೇಕು, ನಗಿಸಬೇಕು. ಅವನ ಮುಖ ಕಂಡದ್ದೇ ನನ್ನ ಬಾಯಿಂದ ಬಂದದ್ದು ಏನು ಗೊತ್ತೇ? "ಇವತ್ತೂ ಕುಡ್ದು ಬಂದ್ಯಾ?" ಥೂ ನನ್ನ ನಾಲಿಗೆಯೇ! ಆ ಒಂದು ಮಾತು ಹಿಂದಕ್ಕೆ ತೆಗೆದುಕೊಳ್ಳುವಂತಿದ್ದರೆ ನಾನು ಮತ್ತೊಂದು ಸಲ ಇಲಿಜ್ವರವನ್ನಾದರೂ ಅನುಭವಿಸುತ್ತಿದ್ದೆ.

"ಇಲ್ಲ" ಎಂದ. ಸಣ್ಣ ದನಿಯಲ್ಲಿ ಕೇಳಿದ: "ನೀನು ಬದುಕ್ತ್ಯಾ?"

"ಬದುಕ್ದೆ ಎಂತಾತದೆ? ಇಲಿಯ ಉಚ್ಚೆಯಿಂದ ಬಂದ ಜ್ವರ ಮಾರಾಯ, ನಿನ್ನಿಂದಲ್ಲ. ಡಾಕ್ಟರ ಹತ್ರ ಕೇಳು ಬೇಕಾರೆ. ಆಣೆಗೀಣೆ ಎಲ್ಲ ನಾನು ಸಿಟ್ಟಲ್ಲಿ ಹೇಳ್ಸಿದ್ದು. ವಾಪಸ್ ತಕಂಡೆ. ಆತಾ?"

"ವಾಪಸ್ ತಕಳೂಕೆ ಬತ್ತದಾ ಅದು?"

ಆಣೆ ಹಾಕಿಸುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತು, ತೆಗೆಯುವುದು ಯಾರಿಗೂ ಗೊತ್ತಿಲ್ಲ. ಇವರು, ಕಡಲಿಗೊಂದು ಕಾಯಿ ಬಿಟ್ಟರೆ ಆಯಿತು ಎಂದರು. ಮಾದೇವಿ ಅಕ್ಕ, ಅದೇ ಕೈಯನ್ನು ಮತ್ತೆ ತಲೆಯ ಮೇಲಿಟ್ಟು 'ಆಣೆ ಬಿಟ್ಟೆ' ಎಂದು ಹೇಳಿಸು ಎಂದಳು. ನನಗೆ ಅದೇ ಸರಿ ಕಂಡಿತು. ಸಲಾಯಿನ್ ಚುಚ್ಚಿದ್ದ ಕೈಯನ್ನೇ ಚಾಚಿ ಅವನ ಬಲಗೈ ಹಿಡಿದು ನನ್ನ ತಲೆಯ ಹತ್ತಿರ ಎಳೆದೆ. ಅವನು ಬೆಂಕಿ ತಾಗಿದವನಂತೆ ಕೈ ಕಿತ್ತುಕೊಂಡ. "ಬೇಡ, ಬೇಡ" ಎನ್ನುತ್ತ ಗೋಡೆಗೆ ಹೋಗಿ ಒತ್ತಿಕೊಂಡು ನಿಂತ. ಕೈ ಬೆನ್ನ ಹಿಂದೆ. ವಾರ್ಡಿನವರೆಲ್ಲ ನೋಡುತ್ತಿದ್ದರು.

ಹನ್ನೆರಡು ದಿನಕ್ಕೆ ನಾನು ಮನೆಗೆ ಬಂದೆ. ಆಗಸ್ಟಿನಲ್ಲಿ ಬೋಟು ಬಿಟ್ಟಿತು, ಇವರು ಹೋದರು. ಹೋಗುವ ಮೊದಲು ಶೆಡ್ಡಿನ ಬಾಟಲಿಗಳನ್ನೆಲ್ಲ ಗೋಣಿಯಲ್ಲಿ ತುಂಬಿ ಗುಜರಿಗೆ ಹಾಕಿದರು, ಹೇಳದೆಯೇ. ಕಾಲೇಜಿನಲ್ಲಿ ಪೋಷಕರ ಸಭೆ ಕರೆದರು. ಕಾರವಾರದಿಂದ ಬಂದ ಒಬ್ಬರು ಇಸ್ತ್ರಿ ಮಾಡಿದ ಶರ್ಟಿನಲ್ಲಿ, ಮಕ್ಕಳಿಗೆ ಪೋಷಕರಾಗಬೇಡಿ, ಸ್ನೇಹಿತರಾಗಿ ಎಂದರು. ನನಗೆ ಎದ್ದು ಕೂಗಬೇಕೆನ್ನಿಸಿತು. ಸ್ನೇಹಿತರು ಅವನಿಗೆ ಬೇಕಾದಷ್ಟಿದ್ದಾರೆ ಸ್ವಾಮಿ, ಅವರೇ ಕುಡಿಸಿದ್ದು! ಅಪ್ಪನೂ ಸ್ನೇಹಿತನೇ ಆಗಿದ್ದ, ಲೋಟ ಹಿಡಿದು. ಸ್ನೇಹಿತರಾಗಬೇಕಾದದ್ದಲ್ಲ, ಹೇಳಿದರೆ ಮನೆ ಬೀಳುವುದಿಲ್ಲ ಎಂಬಂಥ ಒಬ್ಬ ಅಮ್ಮ ಬೇಕಾಗಿತ್ತು. ಅಂಥವಳು ಪಕ್ಕದ ಮನೆಯಲ್ಲೇ ಇದ್ದಳು, ಮೀನಿನ ಬುಟ್ಟಿ ಹೊತ್ತುಕೊಂಡು. ನಾನು ಅವಳನ್ನು ನೋಡಿ ಮೂಗು ಮುರಿದಿದ್ದೆ. ಸಭೆಯಲ್ಲಿ ಏನೂ ಹೇಳದೆ ಚಾ ಕುಡಿದು ಬಂದೆ.

ಆಮೇಲೆ ನಾನೂ ಮಾದೇವಿ ಅಕ್ಕನ ಹಾಗೆ ಮಾಡಲು ನೋಡಿದೆ. ಊಟಕ್ಕೆ ಬಡಿಸಿ ಎದುರು ಕುಳಿತು, ಯಾರ ಸಂಗಡ, ಎಲ್ಲಿ ಎಂದು ಮೆತ್ತಗೆ ಕೇಳಿದೆ. ಅವನು ತಟ್ಟೆ ನೋಡಿಕೊಂಡು ಉಂಡ. ಅವಳಿಗೆ ಹೇಳುತ್ತಾನೆ, ಅಪ್ಪನಿಗೆ ಫೋನಿನಲ್ಲಿ ಹೇಳುತ್ತಾನೆ, ನನಗೆ ಹೇಳುವುದಿಲ್ಲ. ಪರೀಕ್ಷೆ ಹೇಗೋ ಪಾಸಾದ. ಈಗ ಭಟ್ಕಳದ ಬಂದರಿನಲ್ಲಿ ಬೋಟಿನ ಎಂಜಿನ್ ರಿಪೇರಿ ಮಾಡುತ್ತ ಅಲ್ಲೇ ರೂಮು ಮಾಡಿಕೊಂಡಿದ್ದಾನೆ. ಒಳ್ಳೆಯ ಕೆಲಸಗಾರ ಎನ್ನುತ್ತಾರೆ.

ಕುಡಿಯುತ್ತಾನೋ ಇಲ್ಲವೋ ನಾನು ಕೇಳುವುದಿಲ್ಲ. ಕೇಳಬೇಕಾಗಿಯೂ ಇಲ್ಲ. ವಾರಕ್ಕೆರಡು ಸಲ ಸಂಜೆ ಫೋನು ಮಾಡುತ್ತಾನೆ. ಮಳೆ, ಊಟ, ಅಪ್ಪನ ಬೋಟು, ಇಷ್ಟೇ ಮಾತು. ಆದರೆ ತಿಂಗಳಿಗೊಮ್ಮೆಯೋ ಎರಡು ತಿಂಗಳಿಗೊಮ್ಮೆಯೋ ಬೆಳಿಗ್ಗೆ ಏಳು ಗಂಟೆಗೇ ಫೋನು ಬರುತ್ತದೆ. ಹಲೋ ಇಲ್ಲ, ಏನಿಲ್ಲ. "ಅಮ್ಮ, ಆರಾಮ ಇದ್ಯಾ?" ಗಂಟಲು ಒಣಗಿರುತ್ತದೆ. ಆ ಪ್ರಶ್ನೆ ಬಂತೆಂದರೆ ಹಿಂದಿನ ಸಂಜೆ ಏನಾಗಿದೆ ಎಂದು ನನಗೆ ಗೊತ್ತು. ಇಪ್ಪತ್ತೊಂದು ವರ್ಷದ ಗಂಡಸು, ಎಂಜಿನ್ನು ಬಿಚ್ಚಿ ಜೋಡಿಸುವವನು, ಎದ್ದ ಕೂಡಲೇ ಅಮ್ಮ ಬದುಕಿದ್ದಾಳೋ ಇಲ್ಲವೋ ಎಂದು ನೋಡುತ್ತಾನೆ. ಸಿಟ್ಟು ಬರುತ್ತದೆ, ಅಳು ಬರುತ್ತದೆ, ಯಾವುದನ್ನೂ ತೋರಿಸುವಂತಿಲ್ಲ. ನಾನು ಕಾಯಿಲೆ ಬೀಳುವಂತೆಯೂ ಇಲ್ಲ.

ನಿನ್ನೆಯಿಂದ ನನಗೆ ಜ್ವರ, ಎದೆ ತುಂಬ ಕಫ. ಇಂದು ಬೆಳಿಗ್ಗೆ ಏಳಕ್ಕೆ ಫೋನು ಬಂತು. ಹಾಸಿಗೆಯಲ್ಲಿ ಎದ್ದು ಕುಳಿತು, ಎರಡು ಗುಟುಕು ಬಿಸಿನೀರು ಕುಡಿದು, ಆಮೇಲೆ ಎತ್ತಿದೆ.

"ಅಮ್ಮ, ಆರಾಮ ಇದ್ಯಾ?"

"ನಂಗೆಂತ ಆತದೆ ಮಾರಾಯ? ಗಟ್ಟಿ ಇದ್ದೆ. ದೋಸೆ ಎರೀತಾ ಇದ್ದೆ. ನೀ ತಿಂದ್ಯಾ?"

ಆಚೆ ಕಡೆ ಅವನು ಉಸಿರು ಬಿಟ್ಟದ್ದು ಕೇಳಿಸಿತು. "ಆತು, ಆತು. ಇಡ್ತೆ ಹಂಗಾರೆ" ಎಂದ. ಸೆರಗಿನ ಮುದ್ದೆಯನ್ನು ಬಾಯಿಗೆ ಒತ್ತಿ ಹಿಡಿದುಕೊಂಡೆ. ಫೋನು ಪೂರ್ತಿ ಕಟ್ಟಾಗಿದೆಯೆಂದು ಎರಡೆರಡು ಸಲ ನೋಡಿ, ಆಮೇಲೆ ಕೆಮ್ಮಿದೆ.